ಸಂಡೂರಿನ ಜಿಮ್ನಿಗೆ ದಪ್ಪ ಸ್ವೇ ಬಾರ್ ಬಿದ್ದ ಮೇಲೆ

ಮೊದಲ ಮಳೆ ಬಿದ್ದ ಮೂರನೇ ದಿನ ಆ ಗಾಡಿ ಬಳ್ಳಾರಿಯ ನಮ್ಮ ವರ್ಕ್‌ಶಾಪಿಗೆ ಬಂತು. ಆರ್‌ಸಿ ಪ್ರಕಾರ ಬಿಳಿ ಜಿಮ್ನಿ, ಮಾರುತಿಯ ಪುಟ್ಟ ಜೀಪು. ಕಣ್ಣಿಗೆ ಕಂಡಿದ್ದು ಮಾತ್ರ ಕಿಟಕಿವರೆಗೂ ಕೆಂಪು. ಸಂಡೂರು ಕಡೆಯ ಗಾಡಿಯನ್ನು ತೊಳೆಯದೆ ಲಿಫ್ಟ್‌ಗೆ ಏರಿಸಬೇಡಿ ಅಂತ ನಮ್ಮ ಹುಡುಗರಿಗೆ ಹೇಳಿಯೇ ಇಟ್ಟಿದ್ದೇನೆ. ಅದಿರಿನ ಕೆಸರು ಒಣಗಿದರೆ ಸಿಮೆಂಟ್ ಥರ ಕಚ್ಚಿಕೊಳ್ಳುತ್ತದೆ. ಬೋಲ್ಟ್ ತಲೆ ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ.

ಓನರ್‌ಗೆ ಮೂವತ್ತೈದರ ಆಸುಪಾಸು. ಮನೆ ಸಂಡೂರಲ್ಲಿ, ಕೆಲಸ ಬಳ್ಳಾರಿಯಲ್ಲಿ. ವಾರದಲ್ಲಿ ಆರು ದಿನ ತೋರಣಗಲ್ಲು ಹಾದು ಬಂದು ಹೋಗುತ್ತಾರೆ. ಭಾನುವಾರ ಗುಡ್ಡದ ಬುಡದಲ್ಲಿರುವ ಹೊಲಕ್ಕೆ. ಆ ದಾರಿಯಲ್ಲಿ ಅರ್ಧ ಕಲ್ಲು, ಅರ್ಧ ಹಳ್ಳ. ಅವರು ಹೇಳಿದ್ದು ಇಷ್ಟು: "ಮೊದ್ಲು ಗಾಡಿ ಭಾಳ ತೂಗಾಡ್ತಿತ್ರೀ. ದಪ್ಪ ಬಾರ್ ಹಾಕ್ಸಿದೆ, ತೂಗೋದು ನಿಂತ್ತು. ಈಗ ಮಳ್ಯಾಗ ಹಿಂದಗಡೆ ಜಾರ್ತದ. ಹೊಲಕ್ಕ ಹೋದ್ರ ಗಾಲಿ ಮ್ಯಾಲೆ ಏಳ್ತಾವ."

ತೊಂದರೆಯನ್ನು ಇಷ್ಟು ಚೊಕ್ಕವಾಗಿ ಹೇಳುವ ಗಿರಾಕಿ ಅಪರೂಪ. ಇಡೀ ಕೇಸು ಅವರ ಮಾತಿನಲ್ಲೇ ಇತ್ತು. ಅದನ್ನು ಬಿಡಿಸೋಕೆ ನಮಗೆ ಮೂರು ವಾರ ಹಿಡಿಯಿತು, ಅಷ್ಟೇ.

ಗಾಡಿಗೆ ಮೊದಲು ಏನೇನು ಆಗಿತ್ತು

ಇದು 2023ರ ಐದು ಬಾಗಿಲಿನ ಜಿಮ್ನಿ. ಅಗಲ 1,645 ಮಿ.ಮೀ., ಎತ್ತರ 1,720 ಮಿ.ಮೀ. ಅಂದರೆ ಅಗಲಕ್ಕಿಂತ ಎತ್ತರವೇ ಜಾಸ್ತಿ. ಎಡ ಬಲ ಟೈರುಗಳ ನಡುವೆ ಸುಮಾರು 1.4 ಮೀಟರ್ ಅಂತರ. ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಅದರ ಮೇಲೆ ಕಾಯಿಲ್ ಸ್ಪ್ರಿಂಗ್. ತಿರುವಿನಲ್ಲಿ ಬಾಡಿ ವಾಲುವುದನ್ನು ತಡೆಯುವ ಸರಳು, ಅಂದರೆ ಸ್ವೇ ಬಾರ್, ಕಂಪನಿಯಿಂದ ಬರುವಾಗ ಮುಂದೆ ಮಾತ್ರ ಇರುತ್ತದೆ. ಹಿಂದಿನ ಆಕ್ಸಲ್ ಸಲೀಸಾಗಿ ಓಲಾಡಲಿ, ಕಲ್ಲಿನ ಮೇಲೆ ಗಾಲಿ ನೆಲ ಬಿಡದಿರಲಿ ಅನ್ನುವ ಗಾಡಿ ಇದು. ಇಂಥ ಗಾಡಿ ರೋಡಿನ ತಿರುವಿನಲ್ಲಿ ಸ್ವಲ್ಪ ವಾಲುತ್ತದೆ. ಅದು ದೋಷ ಅಲ್ಲ, ಅದರ ಸ್ವಭಾವ.

ಓನರ್ ಇದಕ್ಕೆ 50 ಮಿ.ಮೀ. ಎತ್ತರಿಸುವ ಲಿಫ್ಟ್ ಸ್ಪ್ರಿಂಗ್ ಹಾಕಿಸಿದ್ದರು. 195/80 ಆರ್15 ಟೈರ್ ತೆಗೆದು 215/75 ಆರ್15 ಹಾಕಿದ್ದರು. ಮೇಲೆ ರೂಫ್ ರ್‍ಯಾಕ್. ರ್‍ಯಾಕ್ ಮೇಲೆ 20 ಲೀಟರಿನ ಎರಡು ನೀರಿನ ಕ್ಯಾನ್, ಟೂಲ್ ಬಾಕ್ಸ್, ಸನಿಕೆ, ಕೆಸರಲ್ಲಿ ಸಿಕ್ಕಿದಾಗ ಗಾಲಿ ಕೆಳಗೆ ಇಡುವ ಹಲಗೆ, ಎಳೆಯುವ ಸರಪಳಿ. ಒಟ್ಟು ತೂಗಿದರೆ ಹತ್ತಿರ ಹತ್ತಿರ 70 ಕೆ.ಜಿ. 20 ಲೀಟರ್ ನೀರು ಅಂದರೆ 20 ಕೆ.ಜಿ. ಅಂತ ಬಿಂದಿಗೆ ಹೊತ್ತವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಗಾಡಿ ತಲೆ ಮೇಲೆ ಇಟ್ಟರೆ ಆ ಲೆಕ್ಕ ಮರೆತು ಹೋಗುತ್ತದೆ.

ಇಷ್ಟಾದ ಮೇಲೆ ಗಾಡಿ ತೂಗಾಡೋಕೆ ಶುರುವಾಯಿತು. ಆನ್‌ಲೈನಿನಲ್ಲಿ ಹುಡುಕಿ ಸ್ವೇ ಬಾರ್ ತರಿಸಿದರು. ಮುಂದಿನದಕ್ಕೆ ಬದಲಾಗಿ ದಪ್ಪದ್ದು ಒಂದು, ಹಿಂದೆ ಹೊಸದಾಗಿ ಇನ್ನೊಂದು. ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಅರ್ಧ ದಿನದಲ್ಲಿ ಕೂರಿಸಿಕೊಟ್ಟರು.

ಈ ಬಾರ್ ಮಾಡುವ ಕೆಲಸ

ಮಾರುವವರು ಸ್ವೇ ಬಾರ್ ಅಂತಾರೆ, ಕಂಪನಿ ಪುಸ್ತಕದಲ್ಲಿ ಸ್ಟೆಬಿಲೈಸರ್ ಅಂತ ಇರುತ್ತದೆ, ಹಳೇ ಮಿಸ್ತ್ರಿಗಳ ಬಾಯಲ್ಲಿ ಬ್ಯಾಲೆನ್ಸ್ ರಾಡ್. ಮೂರೂ ಒಂದೇ. ಎರಡು ತುದಿ ಬಾಗಿಸಿದ ಸ್ಪ್ರಿಂಗ್ ಉಕ್ಕಿನ ಸರಳು. ನಡುಭಾಗ ಬುಷ್‌ನಲ್ಲಿ ಕೂತಿರುತ್ತದೆ. ಎರಡು ತುದಿಯಿಂದ ಲಿಂಕ್ ರಾಡ್ ಇಳಿದು ಎಡ ಬಲ ಎರಡೂ ಕಡೆಗೆ ಕೂಡುತ್ತವೆ.

ಇದನ್ನು ನೊಗ ಅಂದುಕೊಳ್ಳಿ. ಎರಡೂ ಎತ್ತು ಒಟ್ಟಿಗೆ ತಲೆ ಎತ್ತಿದರೆ ನೊಗಕ್ಕೆ ಏನೂ ಬಾಧೆ ಇಲ್ಲ. ಸ್ಪೀಡ್ ಬ್ರೇಕರ್ ಮೇಲೆ ಎರಡೂ ಗಾಲಿ ಒಟ್ಟಿಗೆ ಏರುವಾಗ ಬಾರ್ ಸುಮ್ನೆ ತನ್ನ ಬುಷ್‌ನಲ್ಲಿ ತಿರುಗುತ್ತದೆ, ಕೆಲಸ ಮಾಡುವುದಿಲ್ಲ. ಒಂದು ಎತ್ತು ಮಾತ್ರ ತಲೆ ಎತ್ತಿದರೆ ಇನ್ನೊಂದರ ಕುತ್ತಿಗೆಯೂ ಎಳೆದಂತಾಗುತ್ತದೆ ಅಲ್ವಾ? ತಿರುವಿನಲ್ಲಿ ಆಗುವುದು ಅದೇ. ಹೊರಗಿನ ಸ್ಪ್ರಿಂಗ್ ಕುಗ್ಗುತ್ತದೆ, ಒಳಗಿನದು ಹಿಗ್ಗುತ್ತದೆ, ನಡುವೆ ಸರಳು ತಿರುಚಿಕೊಳ್ಳುತ್ತದೆ. ಆ ತಿರುಚು ಬಿಡಿಸಿಕೊಳ್ಳೋಕೆ ಒದ್ದಾಡುವ ಬಲವೇ ಬಾಡಿಯನ್ನು ನೆಟ್ಟಗೆ ಹಿಡಿಯುತ್ತದೆ.

ದಪ್ಪದ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ಸರಳಿನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 20 ಮಿ.ಮೀ. ಸರಳಿನ ಜಾಗದಲ್ಲಿ 24 ಮಿ.ಮೀ. ಹಾಕಿದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಎರಡು ಬೆಂಕಿಕಡ್ಡಿ ದಪ್ಪದಷ್ಟು. ಬಿಗಿ ಮಾತ್ರ ಎರಡು ಪಟ್ಟು ದಾಟುತ್ತದೆ. ತೋಳಿನ, ಅಂದರೆ ಬಾಗಿಸಿದ ತುದಿಯ, ಉದ್ದವೂ ಲೆಕ್ಕಕ್ಕೆ ಬರುತ್ತದೆ. ತೋಳು ಗಿಡ್ಡ ಆದಷ್ಟೂ ಬಾರ್ ಗಟ್ಟಿ. ಅದಕ್ಕೇ ಕೆಲವು ಬಾರ್‌ಗಳ ತುದಿಯಲ್ಲಿ ಎರಡು ಮೂರು ತೂತು ಕೊಟ್ಟಿರುತ್ತಾರೆ. ಈ ಗಾಡಿಯ ಹಿಂದಿನ ಬಾರ್‌ಗೆ ಮೂರು ತೂತು ಇದ್ದವು. ಲಿಂಕ್ ಹಾಕಿದ್ದು ಎಲ್ಲಕ್ಕಿಂತ ಗಿಡ್ಡ ತೂತಿಗೆ, ಅಂದರೆ ಎಲ್ಲಕ್ಕಿಂತ ಗಟ್ಟಿ ಜಾಗಕ್ಕೆ. ಯಾಕೆ ಅಂತ ಕೇಳಿದೆ. "ಫುಲ್ ಎಫೆಕ್ಟ್ ಬರ್ಲಿ ಅಂತ" ಅಂದರು.

ಫೋನ್ ಹೇಳಿದ ಸುಳ್ಳು

ಕಂಪ್ಲೇಂಟ್ ನಂಬಿ ನಟ್ ಬಿಚ್ಚುವ ಅಭ್ಯಾಸ ನಮ್ಮಲ್ಲಿಲ್ಲ. ಮೊದಲು ಅಳೆಯಬೇಕು. ಓನರ್ ಹೆಮ್ಮೆಯಿಂದ ಫೋನ್ ತೋರಿಸಿದರು. ಮಟ್ಟ ನೋಡುವ ಆ್ಯಪ್ ಹಾಕಿಕೊಂಡು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದರು. ತಿರುವಿನಲ್ಲಿ 15 ಡಿಗ್ರಿ ದಾಟುತ್ತದೆ ಅಂತ ಸ್ಕ್ರೀನ್‌ಶಾಟ್ ಬೇರೆ. 15 ಡಿಗ್ರಿ ವಾಲಿದ ಜಿಮ್ನಿಯಲ್ಲಿ ಕೂತವರು ಸ್ಕ್ರೀನ್‌ಶಾಟ್ ತೆಗೆಯುವ ಸ್ಥಿತಿಯಲ್ಲಿ ಇರಲ್ಲ.

ಆ್ಯಪ್ ಕೆಟ್ಟಿಲ್ಲ. ಅದಕ್ಕೆ ಗೊತ್ತಿರುವುದು "ಕೆಳಗೆ" ಯಾವ ಕಡೆ ಅನ್ನುವುದಷ್ಟೇ. ತಿರುವಿನಲ್ಲಿ ನಮ್ಮನ್ನು ಪಕ್ಕಕ್ಕೆ ತಳ್ಳಿದಂತೆ ಅದರ ಸೆನ್ಸರ್‌ಗೂ ತಳ್ಳಿದ ಹಾಗಾಗುತ್ತದೆ. ಅದನ್ನೂ ವಾಲಿಕೆ ಅಂತ ಸೇರಿಸಿಬಿಡುತ್ತದೆ. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೆ ಪಕ್ಕಕ್ಕೆ ತಳ್ಳುವ ಬಲ ಗುರುತ್ವದ ಕಾಲುಭಾಗದ ಹತ್ತಿರ ಬರುತ್ತದೆ. ಬಾಡಿ ಒಂದಿಷ್ಟೂ ವಾಲದಿದ್ದರೂ ಆ್ಯಪ್ 13 ಡಿಗ್ರಿ ತೋರಿಸುತ್ತದೆ. ನಿಂತ ಗಾಡಿ ಇಳಿಜಾರಲ್ಲಿ ಎಷ್ಟು ವಾಲಿದೆ ಅಂತ ನೋಡೋಕೆ ಅದು ಸರಿ. ಓಡುವ ಗಾಡಿಗೆ ಬೇಡ.

ನಾವು ಮಾಡಿದ್ದು ಹಳೇ ಕಾಲದ ಉಪಾಯ. ಊರಾಚೆ ಇನ್ನೂ ಸೈಟ್ ಮಾರಾಟವಾಗದ ಒಂದು ಲೇಔಟ್ ಮೈದಾನದಲ್ಲಿ, ಮಾಲೀಕರನ್ನು ಕೇಳಿಯೇ, ನಡುವೆ ಗೂಟ ಹೊಡೆದು 30 ಮೀಟರ್ ಹಗ್ಗ ಕಟ್ಟಿ ಸುಣ್ಣದಲ್ಲಿ ಸುತ್ತು ಹಾಕಿದೆವು. ಗಾಡಿ ಹಿಂದೆ ಸ್ಟೆಪ್ನಿಗೆ 1.2 ಮೀಟರ್ ಉದ್ದದ ನೇರ ಮರದ ಪಟ್ಟಿ ಅಡ್ಡ ಕಟ್ಟಿದೆವು. ನೆಲದ ಮೇಲೆ ಕ್ಯಾಮೆರಾ. ಅದರ ಮುಂದೆ ನೀರು ಮಟ್ಟ ಹಿಡಿದು ಬಿಗಿದ ದಾರ. ಗಾಡಿ ಕ್ಯಾಮೆರಾಕ್ಕೆ ಸರಿಯಾಗಿ ಬೆನ್ನು ತೋರಿಸಿದ ಕ್ಷಣದ ಚಿತ್ರ ನಿಲ್ಲಿಸಿ, ಪಟ್ಟಿಯ ಎರಡು ತುದಿಗಳ ಎತ್ತರ ಎಷ್ಟು ಮಿ.ಮೀ. ಏರುಪೇರು ಅಂತ ದಾರಕ್ಕೆ ಹೋಲಿಸಿ ತೆಗೆದೆವು. ನೆಲ ಒಂದು ಕಡೆ ಇಳಿಜಾರಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಎಡಸುತ್ತು, ಬಲಸುತ್ತು ಎರಡನ್ನೂ ಮಾಡಿ ಸರಾಸರಿ ಹಿಡಿದೆವು. ಲ್ಯಾಬ್ ಅಲ್ಲ, ಒಪ್ಪುತ್ತೇನೆ. ಆದರೆ ಅದೇ ಗಾಡಿ, ಅದೇ ಡ್ರೈವರ್, ಅದೇ ಸುತ್ತು, ಅದೇ 30ರ ಸ್ಪೀಡ್.

ಸುತ್ತು ಶುರು ಮಾಡುವ ಮುಂಚೆ ಗಾಳಿ ನೋಡಿದೆವು. ನಾಲ್ಕು ಟೈರಿನಲ್ಲಿ ನಾಲ್ಕು ಥರ. ಹಿಂದಿನ ಭಾನುವಾರ ಮರಳಲ್ಲಿ ಹೋಗಲು ಇಳಿಸಿದ್ದನ್ನು ಪೂರ್ತಿ ತುಂಬಿಸಿರಲಿಲ್ಲ. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕದ ಗೋಡೆಯೇ ಮಡಚಿಕೊಂಡು ಗಾಡಿ ವಾಲುತ್ತದೆ. ಆ ವಾಲಿಕೆಗೆ ಯಾವ ಬಾರ್‌ನಿಂದಲೂ ಉಪಯೋಗ ಇಲ್ಲ. ಬಾಗಿಲ ಪಕ್ಕದ ಸ್ಟಿಕ್ಕರ್ ನೋಡಿ ನಾಲ್ಕಕ್ಕೂ ಸರಿಯಾಗಿ ತುಂಬಿಸಿ ಅಳತೆಗೆ ಇಳಿದೆವು.

ಬಂದ ಸ್ಥಿತಿಯಲ್ಲೇ, ಎರಡೂ ದಪ್ಪ ಬಾರ್ ಇಟ್ಟು, ಮೇಲಿನ ಸಾಮಾನೂ ಹಾಗೇ ಇಟ್ಟು ಸುತ್ತಿದಾಗ ಪಟ್ಟಿಯ ಏರುಪೇರು 32 ಮಿ.ಮೀ. ಬಂತು. ಡಿಗ್ರಿಯಲ್ಲಿ ಹೇಳಿದರೆ ಒಂದೂವರೆ. ಹಿಂದಿನ ಬಾರ್ ಬಿಚ್ಚಿ, ಮುಂದೆ ಕಂಪನಿಯ ಹಳೇ ಬಾರ್ ವಾಪಸ್ ಹಾಕಿದೆವು. ಆಗ 50 ಮಿ.ಮೀ., ಅಂದರೆ 2.4 ಡಿಗ್ರಿ. ಹಾಗಾದರೆ ಬಾರ್ ಕೆಲಸ ಮಾಡಿದ್ದು ಸತ್ಯ. ವಾಲಿಕೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಿತ್ತುಹಾಕಿತ್ತು. ಡ್ರೈವರ್ ಸೀಟಿನಲ್ಲಿ ಕೂತವರಿಗೆ ಅದು ಬೇರೆ ಗಾಡಿಯೇ.

ಆಮೇಲೆ ಹಳೇ ಬಾರ್ ಇದ್ದ ಹಾಗೇ ರ್‍ಯಾಕಿನ ಸಾಮಾನು ಮಾತ್ರ ಇಳಿಸಿ ಮತ್ತೆ ಸುತ್ತಿದೆವು. 42 ಮಿ.ಮೀ.

ಓನರ್ ಸ್ವಲ್ಪ ಹೊತ್ತು ಆ ಸಂಖ್ಯೆಯನ್ನೇ ನೋಡುತ್ತ ನಿಂತರು. ದುಡ್ಡು ಕೊಟ್ಟು ತರಿಸಿದ ಎರಡು ಬಾರ್ ಸೇರಿ 18 ಮಿ.ಮೀ. ಇಳಿಸಿದ್ದವು. ಎರಡು ಕ್ಯಾನ್ ನೀರು, ಒಂದು ಟೂಲ್ ಬಾಕ್ಸ್, ಒಂದು ಸರಪಳಿ ಕೆಳಗಿಟ್ಟಿದ್ದಕ್ಕೆ 8 ಮಿ.ಮೀ. ಬಿಟ್ಟಿ ಸಿಕ್ಕಿತು. ಮೇವಿನ ಬಂಡಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಅದೇ ಬಂಡಿ, ಅದೇ ಎತ್ತು, ಗೊಬ್ಬರ ಹೇರಿದಾಗ ಗಟ್ಟಿಯಾಗಿ ಹೋಗುತ್ತದೆ. ಮೇವು ಎತ್ತರಕ್ಕೆ ಹೇರಿದಾಗ ತೂರಾಡುತ್ತದೆ.

ವಾಲೋದು ಬೇರೆ, ಮಗುಚೋದು ಬೇರೆ

ಈ ಕೇಸಿನಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಓನರ್ ಹೇಳಿದ ಇನ್ನೊಂದು ಮಾತು. ಮೊದಲು ಊರ ಹತ್ತಿರದ ಗುಡ್ಡದ ತಿರುವನ್ನು 40ರಲ್ಲಿ ತೆಗೆದುಕೊಳ್ಳುತ್ತಿದ್ದರಂತೆ. ಬಾರ್ ಹಾಕಿಸಿದ ಮೇಲೆ ಅದೇ ತಿರುವು 55ರಲ್ಲಿ. "ಅಲ್ಲಾಡೋದೇ ಇಲ್ರೀ" ಅಂದರು.

ಗಾಡಿ ಯಾವ ಹಂತದಲ್ಲಿ ಮಗುಚುತ್ತದೆ ಅನ್ನುವುದಕ್ಕೆ ಒರಟು ಲೆಕ್ಕ ಒಂದಿದೆ. ಎರಡು ಟೈರುಗಳ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುವುದು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಗಾಡಿಗಳಿಗೆ ಮಗುಚುವ ಅಪಾಯದ ರೇಟಿಂಗ್ ಕೊಡುವಾಗ ಬಳಸುವುದೂ ಇದನ್ನೇ. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೇದು. ಜಿಮ್ನಿಯ ಅರ್ಧ ಅಂತರ 70 ಸೆಂ.ಮೀ. ಗುರುತ್ವ ಕೇಂದ್ರವೂ 70 ಸೆಂ.ಮೀ. ಎತ್ತರದಲ್ಲಿದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಉತ್ತರ 1. ಲಿಫ್ಟ್ ಹಾಕಿ ಕೇಂದ್ರವನ್ನು 4 ಸೆಂ.ಮೀ. ಏರಿಸಿದರೆ 0.95. ರ್‍ಯಾಕ್ ತುಂಬಿದರೆ ಇನ್ನೂ ಇಳಿಯುತ್ತದೆ. ಈ ಲೆಕ್ಕದಲ್ಲಿ ಸ್ವೇ ಬಾರ್ ಎಲ್ಲಿದೆ ನೋಡಿ. ಎಲ್ಲೂ ಇಲ್ಲ. ಬಾಡಿ ಕಮ್ಮಿ ವಾಲಿದರೆ ಕೇಂದ್ರ ಪಕ್ಕಕ್ಕೆ ಸರಿಯುವುದು ಒಂದಿಷ್ಟು ಕಮ್ಮಿ ಆಗುತ್ತದೆ, ಅದು ನಿಜ. ಆದರೆ ಅದು ಒಂದೆರಡು ಸೆಂ.ಮೀ. ಮಾತು. ತಿರುವಿನಲ್ಲಿ ಒಳಗಾಲಿಯಿಂದ ಹೊರಗಾಲಿಗೆ ದಾಟುವ ಒಟ್ಟು ಭಾರ ಬಾರ್ ಇದ್ದರೂ ಇಲ್ಲದಿದ್ದರೂ ಹೆಚ್ಚೂ ಕಮ್ಮಿ ಅಷ್ಟೇ ಇರುತ್ತದೆ.

ಅಂದರೆ ವಾಲುವುದು ಗಾಡಿಯ ಮೀಟರ್ ಆಗಿತ್ತು. "ಅಣ್ಣಾ, ಸಾಕು" ಅಂತ ಹೇಳುವ ಮೀಟರ್. ಓನರ್ ಆ ಮೀಟರಿನ ಮುಳ್ಳನ್ನು ಹಿಡಿದು ನಿಲ್ಲಿಸಿದ್ದರು. ಗಾಡಿಯ ಮಿತಿ ಮಾತ್ರ ಲಿಫ್ಟ್ ಹಾಕಿದ ದಿನವೇ ಕೆಳಗೆ ಇಳಿದಿತ್ತು.

ಹಿಂಬದಿ ಯಾಕೆ ಜಾರಿತು

ಬಾರ್ ಒಟ್ಟು ಭಾರ ಬದಲಿಸಲ್ಲ ಅಂದೆ. ಬದಲಿಸುವುದು ಹಂಚಿಕೆ. ಮುಂದಿನ ಬಾರ್ ಗಟ್ಟಿ ಮಾಡಿದರೆ ಮುಂದಿನ ಹೊರಗಾಲಿ ಮೇಲೆ ಹೊರೆ ಜಾಸ್ತಿ ಬೀಳುತ್ತದೆ. ಅದು ಮೊದಲು ಸೋಲುತ್ತದೆ. ಸ್ಟೀರಿಂಗ್ ತಿರುಗಿಸಿದಷ್ಟು ಗಾಡಿ ತಿರುಗುವುದಿಲ್ಲ, ಮೂತಿ ಹೊರಕ್ಕೆ ಹೋಗುತ್ತದೆ. ಸಾಮಾನ್ಯ ಡ್ರೈವರ್ ಆಗ ತಾನಾಗಿಯೇ ಕಾಲು ಎತ್ತುತ್ತಾನೆ, ಗಾಡಿ ಸರಿಯಾಗುತ್ತದೆ. ಹಿಂದಿನ ಬಾರ್ ಗಟ್ಟಿ ಮಾಡಿದರೆ ಉಲ್ಟಾ. ಹಿಂಬದಿ ಬೀಸುತ್ತದೆ. ಆಗ ಗಾಬರಿಯಾಗಿ ಕಾಲು ಎತ್ತಿದರೆ ಇನ್ನೂ ಜಾಸ್ತಿ ಬೀಸುತ್ತದೆ.

ಹಿಂದೆ ಬಾರ್ ಇಲ್ಲದೆ ಹುಟ್ಟಿದ ಗಾಡಿಗೆ ಎಲ್ಲಕ್ಕಿಂತ ಗಟ್ಟಿ ತೂತಿನಲ್ಲಿ ಬಾರ್ ಹಾಕಿದ್ದಾರೆ. ಮೇಲಿಂದ, ರೋಡಿನಲ್ಲಿ ಜಿಮ್ನಿ ಓಡುವುದು ಹಿಂದಿನ ಎರಡು ಗಾಲಿಯ ಎಳೆತದಲ್ಲಿ. ನಾಲ್ಕು ಗಾಲಿ ಎಳೆತ ನಾವಾಗಿ ಹಾಕಿದರೆ ಮಾತ್ರ. ಒಣ ರೋಡಿನಲ್ಲಿ ಇದೆಲ್ಲ ಗೊತ್ತೇ ಆಗಿರಲಿಲ್ಲ. ಅದಿರು ಲಾರಿಗಳಿಂದ ಉದುರಿದ ಪುಡಿ ಬೇಸಿಗೆಯಿಡೀ ರೋಡಿನ ಮೇಲೆ ಕೂತಿರುತ್ತದೆ. ಮೊದಲ ಮಳೆಗೆ ಅದು ರಾಗಿ ಅಂಬಲಿ ಹದಕ್ಕೆ ಬರುತ್ತದೆ. ಈ ಕಡೆ ಬೈಕ್ ಓಡಿಸುವವರೆಲ್ಲ ಆ ದಿನ ಎದೆ ಹಿಡಿದುಕೊಂಡೇ ಹೋಗುತ್ತಾರೆ. ಆ ಅಂಬಲಿ ಮೇಲೆ, ಅದೇ ತಿರುವಿನಲ್ಲಿ, ಹಿಂಬದಿ ಒಮ್ಮೆಲೇ ಬಿಟ್ಟುಕೊಟ್ಟಿದೆ. ಡ್ಯಾಶ್‌ಬೋರ್ಡಿನಲ್ಲಿ ಜಾರುವ ಗಾಡಿ ಚಿತ್ರದ ದೀಪ ಮಿಣಮಿಣ ಅಂದಿದೆ. ಜಾರಿದ ಗಾಡಿಯನ್ನು ಹಿಡಿಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇಎಸ್‌ಪಿ ಒಂದೊಂದೇ ಗಾಲಿಗೆ ಬ್ರೇಕ್ ಕೊಟ್ಟು ಗಾಡಿಯನ್ನು ನೇರ ಮಾಡಿದೆ. ಎದುರಿಗೆ ಲಾರಿ ಇರಲಿಲ್ಲ. ಅವತ್ತೇ ನಮಗೆ ಫೋನ್ ಬಂದಿದ್ದು.

ಕಾಗದದ ಪರೀಕ್ಷೆ

ಗಾಲಿ ಏಳುವ ದೂರನ್ನು ಶೆಡ್ಡಿನಲ್ಲೇ ನೋಡಬಹುದಿತ್ತು. ಹಿಂದಿನ ಎಡ ಟೈರಿನ ಕೆಳಗೆ ದಿನಪತ್ರಿಕೆಯ ಒಂದು ಪಟ್ಟಿ ಸಿಕ್ಕಿಸಿದೆವು. ಮುಂದಿನ ಎಡಗಾಲಿಯನ್ನು ಜಾಕ್ ಮೇಲೆ ಎತ್ತುತ್ತ ಹೋದೆವು. ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತು ಕಾಗದ ಮೆಲ್ಲಗೆ ಎಳೆಯುತ್ತಿದ್ದ. ಗಾಲಿ ಮೇಲೆ ಭಾರ ಇರುವವರೆಗೆ ಕಾಗದ ಹರಿಯುತ್ತದೆಯೇ ಹೊರತು ಬರುವುದಿಲ್ಲ. ಭಾರ ಹೋದ ಕ್ಷಣ ಸಲೀಸಾಗಿ ಜಾರಿ ಬರುತ್ತದೆ.

ಕಂಪನಿ ಬಾರ್ ಒಂದೇ ಇದ್ದಾಗ 37 ಸೆಂ.ಮೀ. ಎತ್ತುವವರೆಗೆ ಕಾಗದ ಬರಲಿಲ್ಲ. ಎರಡೂ ದಪ್ಪ ಬಾರ್ ಹಾಕಿ ಅದೇ ಪರೀಕ್ಷೆ ಮಾಡಿದರೆ 24 ಸೆಂ.ಮೀ.ಗೆ ಕಾಗದ ಹುಡುಗನ ಕೈಯಲ್ಲಿತ್ತು.

ಆ 13 ಸೆಂ.ಮೀ. ಅವರ ಹೊಲದ ದಾರಿಯ ಒಂದು ಕಲ್ಲಿನ ಎತ್ತರ. ಒಂದು ಗಾಲಿ ಕಲ್ಲಿನ ಮೇಲೆ, ಇನ್ನೊಂದು ಹಳ್ಳದಲ್ಲಿ ಇರುವಾಗ ಗಾಲಿಗಳು ತಮ್ಮ ಪಾಡಿಗೆ ತಾವು ಏರಿಳಿಯಬೇಕು. ನೊಗ ಬಿಡುವುದಿಲ್ಲ. ಹಳ್ಳಕ್ಕೆ ಇಳಿಯಬೇಕಾದ ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ಎಡ ಬಲ ಗಾಲಿಗೆ ಎಂಜಿನ್ ಶಕ್ತಿ ಹಂಚುವ ಡಿಫರೆನ್ಷಿಯಲ್ ಅದನ್ನು ಸುಲಭವಾಗಿ ತಿರುಗುವ ಗಾಲಿಗೆ ಕಳಿಸುತ್ತದೆ, ಅಂದರೆ ಗಾಳಿಯಲ್ಲಿರುವುದಕ್ಕೆ. ಜಿಮ್ನಿಯಲ್ಲಿ ತಿರುಗುವ ಗಾಲಿಗೆ ಬ್ರೇಕ್ ಹಿಡಿದು ಇನ್ನೊಂದಕ್ಕೆ ಶಕ್ತಿ ದಾಟಿಸುವ ವ್ಯವಸ್ಥೆ ಇದೆ. ಅದು ಕಾಪಾಡುತ್ತದೆ, ಆದರೆ ತಡವಾಗಿ, ಗುದ್ದಾಡಿ.

ಜಾಕ್ ಮೇಲಿದ್ದಾಗಲೇ ಇನ್ನೊಂದು ಕಂಡಿತು. ಹಿಂದಿನ ಗಾಲಿ ಪೂರ್ತಿ ಜೋತಾಗ ಹೊಸ ಬಾರ್‌ನ ಮೊಣಕೈ ಬ್ರೇಕ್ ಹೋಸ್ ಹಿಡಿದಿರುವ ಪಟ್ಟಿಗೆ ತಾಗುತ್ತಿತ್ತು. ಆ ಜಾಗದಲ್ಲಿ ಬಣ್ಣ ಹೋಗಿ ಒಂದು ರೂಪಾಯಿ ನಾಣ್ಯದಷ್ಟು ಕಬ್ಬಿಣ ಹೊಳೆಯುತ್ತಿತ್ತು. ಹೋಸ್‌ಗೂ ಅದಕ್ಕೂ ನಡುವೆ ಬೆರಳು ತೂರುವಷ್ಟೂ ಜಾಗ ಇಲ್ಲ. ಲಿಫ್ಟ್ ಆದ ಗಾಡಿಗೆ ಲಿಫ್ಟ್ ಇಲ್ಲದ ಗಾಡಿಯ ಅಳತೆಯ ಲಿಂಕ್ ಹಾಕಿದ್ದರ ಫಲ ಇದು. ಬಾರ್‌ನ ತೋಳು ಹತ್ತಿರ ಹತ್ತಿರ ಅಡ್ಡ ಮಟ್ಟದಲ್ಲಿ ನಿಲ್ಲಬೇಕು. ಇಲ್ಲಿ ಕೆಳಕ್ಕೆ ಜೋತು ನಿಂತಿತ್ತು. ಜಾರುವುದು, ಏಳುವುದು ಎಲ್ಲ ಹಾಗಿರಲಿ, ನಾನಾಗಿದ್ದರೆ ಈ ಒಂದು ಕಾರಣಕ್ಕೇ ಅವತ್ತೇ ಬಿಚ್ಚಿ ಇಡುತ್ತಿದ್ದೆ.

ಬುಷ್ ಪಾಲಿಯುರೆಥೇನ್. ರಬ್ಬರಿಗಿಂತ ಗಟ್ಟಿ, ಆದರೆ ಆಗಾಗ ಸಿಲಿಕೋನ್ ಗ್ರೀಸ್ ಬೇಡುತ್ತದೆ. ಅದಿರು ಧೂಳು ಒಳಗೆ ಹೊಕ್ಕು ಉಪ್ಪುಕಾಗದದ ಕೆಲಸ ಮಾಡಿತ್ತು. ಕಿರ್ ಕಿರ್ ಸದ್ದು ಬೇರೆ.

"ತೂಗಾಟ" ಅಂದರೆ ಯಾವ ತೂಗಾಟ

ಹಳೇ ಬಾರ್ ಹಾಕಿ, ಸಾಮಾನು ಇಳಿಸಿ ನಾನೇ ತೋರಣಗಲ್ಲುವರೆಗೆ ಓಡಿಸಿಕೊಂಡು ಹೋದೆ. ನೇರ ಹೆದ್ದಾರಿಯಲ್ಲೇ ಗಾಡಿ ಅತ್ತಿತ್ತ ಅಲೆಯುತ್ತಿತ್ತು. ಲಾರಿ ಪಕ್ಕ ಹಾದರೆ ಸ್ಟೀರಿಂಗ್ ಸರಿ ಮಾಡಬೇಕು, ಸರಿ ಮಾಡಿದ್ದು ಜಾಸ್ತಿಯಾಗಿ ಮತ್ತೆ ಈ ಕಡೆ. ಇದು ಬಾಡಿ ರೋಲ್, ಅಂದರೆ ತಿರುವಿನಲ್ಲಿ ಬಾಡಿ ವಾಲುವುದು, ಅಲ್ಲವೇ ಅಲ್ಲ. ಓನರ್ ಇದನ್ನೂ ತಿರುವಿನ ವಾಲಿಕೆಯನ್ನೂ ಸೇರಿಸಿ "ತೂಗಾಡ್ತದ" ಅನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ಎರಡಕ್ಕೂ ಅದೇ ಮಾತು ಇರುವುದರಿಂದ ತಪ್ಪು ಅವರದ್ದಲ್ಲ.

ಅಲೈನ್‌ಮೆಂಟ್ ಮಷಿನ್ ಮೇಲೆ ನಿಲ್ಲಿಸಿದರೆ ಕಾರಣ ಸಿಕ್ಕಿತು. ಜಿಮ್ನಿಯ ಮುಂದಿನ ಆಕ್ಸಲನ್ನು ಎರಡು ಉದ್ದ ತೋಳು ಹಿಡಿದಿರುತ್ತವೆ. ಗಾಡಿ ಎತ್ತರಿಸಿದಾಗ ತೋಳಿನ ಕೋನ ಬದಲಾಗಿ ಇಡೀ ಆಕ್ಸಲ್ ಒಂದಿಷ್ಟು ತಿರುಗುತ್ತದೆ. ಕ್ಯಾಸ್ಟರ್ ಕೋನ ಇಳಿಯುತ್ತದೆ. ಸೈಕಲ್ ಕೈಬಿಟ್ಟರೂ ನೇರ ಹೋಗೋಕೆ ಅದರ ಮುಂದಿನ ಫೋರ್ಕ್ ಓರೆಯಾಗಿ ಇರುವುದೂ ಒಂದು ಕಾರಣ, ಆ ಓರೆಯೇ ಕ್ಯಾಸ್ಟರ್. ಅದು ಕಮ್ಮಿಯಾದರೆ ಸ್ಟೀರಿಂಗ್ ತಾನಾಗಿ ನಡುವಿಗೆ ಬರುವುದಿಲ್ಲ. ಮಷಿನ್ನಿನಲ್ಲಿ ಕ್ಯಾಸ್ಟರ್ ಎರಡೂ ಕಡೆ ಕೆಂಪು ತೋರಿಸುತ್ತಿತ್ತು. ಜತೆಗೆ ಆಕ್ಸಲನ್ನು ಪಕ್ಕಕ್ಕೆ ಸರಿಯದಂತೆ ಹಿಡಿದಿರುವ ಅಡ್ಡ ರಾಡ್ ಕೂಡ ಓರೆಯಾಗಿ, ಮುಂದಿನ ಆಕ್ಸಲ್ ನಡುವಿನಿಂದ ಸುಮಾರು 6 ಮಿ.ಮೀ. ಪಕ್ಕಕ್ಕೆ ಕೂತಿತ್ತು. ಲಿಫ್ಟ್ ಹಾಕಿದವರು ಸ್ಪ್ರಿಂಗ್ ಬದಲಿಸಿ ಕೈ ತೊಳೆದುಕೊಂಡಿದ್ದರು.

ಇದನ್ನು ಲಿಫ್ಟ್ ಹಾಕಿದ ದಿನವೇ ಸರಿ ಮಾಡಿದ್ದರೆ ಬಾರ್ ತರಿಸುವ ಯೋಚನೆಯೇ ಬರುತ್ತಿರಲಿಲ್ಲವೋ ಏನೋ.

ಕೊನೆಗೆ ಉಳಿಸಿದ್ದು, ತೆಗೆದಿದ್ದು

ಹಿಂದಿನ ಬಾರ್ ಬೇಡ ಅಂದೆ. ಓನರ್‌ಗೆ ಹೊಟ್ಟೆ ಉರಿಯಿತು, ಆದರೂ ಒಪ್ಪಿದರು. ಕ್ಯಾಸ್ಟರ್ ಸರಿ ಮಾಡುವ ಓರೆ ತೂತಿನ ಬುಷ್ ಒತ್ತಿ ಕೂರಿಸಿದೆವು. ಉದ್ದ ಹೊಂದಿಸಬಹುದಾದ ಅಡ್ಡ ರಾಡ್ ಹಾಕಿ ಆಕ್ಸಲನ್ನು ನಡುವಿಗೆ ತಂದೆವು. ನೀರಿನ ಕ್ಯಾನ್, ಸರಪಳಿ, ಟೂಲ್ ಬಾಕ್ಸ್ ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ನೆಲದ ಮೇಲೆ ಬಂದು ಕೂತವು. ಹಲಗೆ, ಸನಿಕೆ ಮಾತ್ರ ಮೇಲೆ ಉಳಿದವು.

ಶಾಕ್ ಅಬ್ಸಾರ್ಬರ್ ಗಟ್ಟಿಯದ್ದು ಹಾಕಿದರೆ ಆಗಲ್ವಾ ಅಂತ ಕೇಳಿದರು. ಶಾಕ್ ವಾಲುವ ವೇಗವನ್ನು ತಡೆಯುತ್ತದೆ, ಕೊನೆಗೆ ಎಷ್ಟು ವಾಲುತ್ತದೆ ಅನ್ನುವುದನ್ನಲ್ಲ. ಎಡ ಬಲ ಎಡ ಅಂತ ಸ್ಟೀರಿಂಗ್ ಆಡಿಸುವಾಗ ಅದು ಉಪಯೋಗ. ಉದ್ದ ತಿರುವಿನಲ್ಲಿ ಅಷ್ಟೇನಿಲ್ಲ. ಅವರ ಶಾಕ್ ಚೆನ್ನಾಗೇ ಇದ್ದವು, ಮುಟ್ಟಲಿಲ್ಲ.

ಮುಂದಿನ ದಪ್ಪ ಬಾರ್ ವಿಷಯದಲ್ಲಿ ನಾನು ಅವರ ಮಾತಿಗೆ ಬಗ್ಗಿದೆ. ದಿನಾ ಹೆದ್ದಾರಿ ಓಡುವ ಮನುಷ್ಯ, ಸ್ವಲ್ಪ ನೆಮ್ಮದಿ ಬೇಕು. ಮುಂದೆ ಮಾತ್ರ ಗಟ್ಟಿ ಇದ್ದರೆ ತಪ್ಪಾದಾಗ ಮೂತಿ ಹೊರಗೆ ಹೋಗುತ್ತದೆ, ಅದು ಹಿಂಬದಿ ಬೀಸುವುದಕ್ಕಿಂತ ಮೇಲು. ಲಿಫ್ಟ್‌ಗೆ ಸರಿಹೊಂದುವ ಉದ್ದದ ಲಿಂಕ್ ಹಾಕಿದೆವು. ಅದಕ್ಕೆ ಕೈಯಲ್ಲೇ ಎಳೆದು ಬಿಚ್ಚಬಹುದಾದ ಪಿನ್. ಹೊಲದ ದಾರಿ ಶುರುವಾಗುವಲ್ಲಿ ಪಿನ್ ತೆಗೆದು ಲಿಂಕನ್ನು ಮೇಲೆ ಕಟ್ಟಿದರೆ ನೊಗ ಇಳಿಸಿದಂತೆ. ಜೀಪ್ ರ್‍ಯಾಂಗ್ಲರ್ ರುಬಿಕಾನ್‌ನಲ್ಲಿ ಇದೇ ಕೆಲಸಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಬಟನ್ ಇರುತ್ತದೆ, ಸ್ಪೀಡ್ ಏರಿದರೆ ಬಾರ್ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ನಮ್ಮದು ಕೈಕೆಲಸ.

ಮೈದಾನದ ಸುತ್ತಿನಲ್ಲಿ ಈಗ 36 ಮಿ.ಮೀ. ಪಿನ್ ತೆಗೆದು ಕಾಗದದ ಪರೀಕ್ಷೆ ಮಾಡಿದರೆ 41 ಸೆಂ.ಮೀ., ಕಂಪನಿ ಬಾರ್ ಇದ್ದಾಗಿನದಕ್ಕಿಂತಲೂ ಜಾಸ್ತಿ.

ಕಾನೂನಿನ ಮಾತನ್ನೂ ಮೊದಲ ದಿನವೇ ಹೇಳಿದ್ದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಚಿತವಾಗಿ ಹೇಳಿದೆ. ಲಿಫ್ಟ್ ಸ್ಪ್ರಿಂಗ್ ತೆಗೆಸಿ ಹಳೇದಕ್ಕೆ ಬನ್ನಿ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ, ಏನಾದರೂ ಆದರೆ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಇರಲ್ಲ ಅಂದೆ. ನಕ್ಕರು. "ಹಳ್ಳ ದಾಟಬೇಕಲ್ರೀ" ಅಂದರು. ಬಿಲ್ ಮೇಲೆ ನನ್ನ ಸಲಹೆ ಬರೆದು ಸಹಿ ಹಾಕಿಸಿಕೊಂಡೆ.

ಗಾಡಿ ತೆಗೆದುಕೊಂಡು ಹೋದ ಎರಡನೇ ಸೋಮವಾರ ಬೆಳಗ್ಗೆ ಫೋನ್ ಬಂತು. ಧ್ವನಿ ಜೋರಾಗಿತ್ತು. "ಮತ್ತ ಮೊದ್ಲಿನಂಗ ತೂಗಾಡಾಕತ್ತದ. ಏನ್ ಮಾಡೀರಿ ನೀವು?" ತೋರಣಗಲ್ಲು ಹತ್ತಿರ ಗಾಡಿ ಪಕ್ಕಕ್ಕೆ ಹಾಕಿದ್ದರು. ಹಿಂದೆ ಲಾರಿಗಳ ಸದ್ದು ಕೇಳುತ್ತಿತ್ತು.

"ನಿನ್ನೆ ಹೊಲಕ್ಕೆ ಹೋಗಿದ್ರಾ?" ಅಂದೆ.

"ಹೋಗಿದ್ದೆ."

"ಪಿನ್ ವಾಪಸ್ ಹಾಕಿದ್ರಾ?"

ಸ್ವಲ್ಪ ಹೊತ್ತು ಬರೀ ಲಾರಿ ಸದ್ದು. ಆಮೇಲೆ ಬಾಗಿಲು ತೆಗೆದಿದ್ದು, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಏನೋ ಗಲಗಲ ಅಂದಿದ್ದು ಕೇಳಿಸಿತು. ಈಗ ಅವರು ಪಿನ್ ತೆಗೆದಾಗಲೆಲ್ಲ ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತಾರೆ.